ಅಟ್ರಾಕ್ಟಾಳ ಅಳತೆ

ಮಾರ್ಚ್ ೪, ೧೯೬೩. ಸೋಮವಾರ
ಹೊಲಿಗೆ ಯಂತ್ರದ ಬೆಲ್ಟ್ ಮತ್ತೆ ಜಾರಿತು. ಬಿಷಪ್ ಬಂದು ನಡೆಸುವ ಕನ್ಫರ್ಮೇಶನ್ ಸಂಸ್ಕಾರಕ್ಕೆ ಮಠದ ಅನಾಥಾಲಯದ ಹುಡುಗಿಯರ ಫ್ರಾಕ್ ಇನ್ನೂ ಹದಿನೇಳು ಬಾಕಿ. ಅಳತೆ ತೆಗೆಯಲು ಅಟ್ರಾಕ್ಟಾಗೆ ತೋಳೆತ್ತು ಎಂದೆ. ಎತ್ತಲಿಲ್ಲ. ಹನ್ನೊಂದು ವರ್ಷ, ಕಡ್ಡಿಯಂಥ ಹುಡುಗಿ. ಅಂಗಿ ಸರಿಸಿದೆ — ಭುಜದಿಂದ ಮೊಣಕೈವರೆಗೆ ಬಾಸುಂಡೆ. ಬೆನ್ನ ಮೇಲೂ.

"ಯಾರೇ ಹೊಡೆದಿದ್ದು?"

"ಸಿಸ್ಟರ್ ಫಿಂಟನ್, ಮಿಸ್. ಹಾಸಿಗೆ ಒದ್ದೆ ಮಾಡ್ಕೊಂಡೆ ಅಂತ." ಆಮೇಲೆ ಪಿಸುದನಿಯಲ್ಲಿ, "ಫ್ರಾಕಿನ ಕೈ ಉದ್ದ ಇಡ್ಬೇಕಂತೆ, ಮಿಸ್. ಬಿಷಪ್‌ಗೆ ಕಾಣಬಾರ್ದಂತೆ."

ಉದ್ದ ಇಟ್ಟೆ.

ಮಾರ್ಚ್ ೫
ಮಠದ ಮುಖ್ಯಸ್ಥೆ ಮದರ್ ಕೊಲುಂಬಾಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಮಿಸ್ ಗೆರಾಟಿ, ನೀವಿಲ್ಲಿ ಬಟ್ಟೆ ಹೊಲಿಯೋಕೆ ಬಂದವರು. ಅಷ್ಟು ನೋಡ್ಕೊಳ್ಳಿ."

ಮಾರ್ಚ್ ೧೯
ನಾಳೆ ಅನಾಥಾಲಯದ ತಪಾಸಣೆಗೆ ಡಬ್ಲಿನ್ನಿನಿಂದ ಸರ್ಕಾರದ ಇನ್‌ಸ್ಪೆಕ್ಟರ್. ಬೀರುವಿನಲ್ಲಿದ್ದ ಹೊಸ ಹೊದಿಕೆ ಹೊರಬಂದಿವೆ. ಪ್ರತಿ ಹಾಸಿಗೆಯ ಮೇಲೂ ಒಂದೊಂದು ಗೊಂಬೆ. "ಮುಟ್ಟಿದ್ರೋ, ನೋಡಿ!" — ಸಿಸ್ಟರ್ ಫಿಂಟನ್.

ಅಟ್ರಾಕ್ಟಾಳನ್ನು ಪಕ್ಕಕ್ಕೆ ಕರೆದೆ. ಹಳೆಯ ಬಾಸುಂಡೆಗಳ ಮೇಲೆ ಹೊಸವು ಬಿದ್ದಿದ್ದವು. ಇನ್‌ಸ್ಪೆಕ್ಟರಿಗೆ ತೋರಿಸು, ಸರ್ಕಾರದವರು, ನಿನಗೇನೂ ಆಗಲ್ಲ ಎಂದೆ.

"ಖಂಡಿತಾನಾ, ಮಿಸ್?"

ಖಂಡಿತ ಎಂದೆ.

ಮಾರ್ಚ್ ೨೦
ತೋರಿಸಿದಳು. ಇನ್‌ಸ್ಪೆಕ್ಟರ್ ಹೆಗಾರ್ಟಿ ಕನ್ನಡಕ ತೆಗೆದು ಒರೆಸಿಕೊಂಡರು. "ಗಟ್ಟಿಗಿತ್ತಿ ಕಣಮ್ಮ ನೀನು" ಎಂದರು. ಪುಸ್ತಕದಲ್ಲಿ ಏನೋ ಬರೆದುಕೊಂಡರು. ನನ್ನ ಎದೆ ಹಗುರಾಯಿತು.

ಮಧ್ಯಾಹ್ನ ಮದರ್ ಜೊತೆ ಅವರ ಊಟ. ಮೀನು, ಬೆಣ್ಣೆ ಹಾಕಿದ ಆಲೂಗಡ್ಡೆ. ಮುಚ್ಚಿದ ಬಾಗಿಲಾಚೆ ನಗು. ತುಂಬ ಹೊತ್ತು.

ಮಾರ್ಚ್ ೨೧
ಅಟ್ರಾಕ್ಟಾಳ ಹಾಸಿಗೆ ಸುತ್ತಿಟ್ಟಿದ್ದಾರೆ. ಎಲ್ಲ ಕಡೆ ಹುಡುಕಿದೆ, ಅವಳಿಲ್ಲ.

ಹತ್ತು ಗಂಟೆಗೆ ಮದರ್ ಕರೆಸಿದರು. "ಹೆಗಾರ್ಟಿಯವರು ಸಜ್ಜನರು. ನೀವು ಹುಡುಗಿಗೆ ಹೇಳಿಕೊಟ್ಟಿದ್ದನ್ನ ನಮಗೇ ಮೊದಲು ತಿಳಿಸಿದ್ರು. ನಾಳೆಯಿಂದ ಬರಬೇಡಿ."

"ಮಗು ಎಲ್ಲಿ, ಮದರ್?"

"ನಿಮ್ಮ ಕತ್ತರಿ ಮರೀಬೇಡಿ."

ಏಪ್ರಿಲ್ ೮
ಪೊಲೀಸ್ ಠಾಣೆಗೆ ಹೋಗಿದ್ದೆ. ಸಾರ್ಜೆಂಟ್ ಮೊದಲ ಸಾಲು ಬರೆದ. ಮಠದ ಹೆಸರು ಹೇಳಿದೆ. ಪೆನ್ನು ಕೆಳಗಿಟ್ಟ.

"ನನ್ನ ತಂಗಿ ಅಲ್ಲೇ ಸಿಸ್ಟರ್ ಆಗಿದ್ದಾಳೆ, ಮಿಸ್ ಗೆರಾಟಿ. ಮನೆಗೆ ಹೋಗಿ. ಈ ಮಾತು ನಾನು ಕೇಳಿಲ್ಲ, ನೀವು ಆಡಿಲ್ಲ."

ಬಾಗಿಲವರೆಗೆ ಬಂದು, ತಲೆ ತಗ್ಗಿಸಿ — "ಗಾಲ್ವೇ ಕಡೆ ಮಠದವರದ್ದೇ ಇನ್ನೊಂದು ಮನೆ ಇದೆ, ಹುಡುಗಿಯರು ಬಟ್ಟೆ ಒಗೆಯೋ ಲಾಂಡ್ರಿ. ಅಲ್ಲಿ ಕೇಳಿ ನೋಡಿ."

ಊರಲ್ಲಿ ಈಗ ಯಾರೂ ನನ್ನ ಹತ್ತಿರ ಬಟ್ಟೆ ಹೊಲಿಸುವುದಿಲ್ಲ.

ಜೂನ್ ೧೬, ಭಾನುವಾರ
ಗಾಲ್ವೇ. ಮೂರು ಸಲ ಪತ್ರ ಬರೆದ ಮೇಲೆ ಹತ್ತು ನಿಮಿಷ ಕೊಟ್ಟರು. ಒಬ್ಬರು ಸಿಸ್ಟರ್ ನಮ್ಮಿಬ್ಬರ ನಡುವೆ ಕುರ್ಚಿ ಹಾಕಿಕೊಂಡು ಕೂತರು. ಅಟ್ರಾಕ್ಟಾ ಬಂದಳು. ತಲೆಗೂದಲು ಬುಡಕ್ಕೆ ಕತ್ತರಿಸಿದ್ದಾರೆ. ಲಾಂಡ್ರಿಯ ಸೋಡಾಗೆ ಬೆರಳೆಲ್ಲ ಸುಲಿದಿದೆ.

"ಹೇಳು" ಎಂದರು ಸಿಸ್ಟರ್.

"ನಾನು ಸುಳ್ಳು ಹೇಳ್ದೆ, ಮಿಸ್. ನನ್ನಿಂದ ನಿಮ್ಮ ಕೆಲಸ ಹೋಯ್ತು. ಕ್ಷಮಿಸಿ."

ಪಾಠ ಒಪ್ಪಿಸಿದ ಹಾಗೆ. ಕಣ್ಣು ಮಾತ್ರ ನನ್ನ ಮೇಲೆ. ಕಾಯುತ್ತಿದ್ದಳು — ಸುಳ್ಳಲ್ಲ, ನಾನೇ ನೋಡಿದ್ದೇನೆ ಎಂದು ಹೇಳುತ್ತೇನೆಂದು. ಹೇಳಿದರೆ ನಾನು ಬಸ್ಸು ಹತ್ತಿದ ಮೇಲೆ ಅವಳಿಗೇನಾಗುತ್ತದೆ? ಆ ಸಿಸ್ಟರ್ ನನ್ನ ತುಟಿಯನ್ನೇ ನೋಡುತ್ತಿದ್ದರು.

"ಪರವಾಗಿಲ್ಲಮ್ಮ" ಎಂದೆ.

ಅವಳು ನನ್ನ ಮೇಲಿಂದ ಕಣ್ಣು ತೆಗೆದು, ಹತ್ತು ನಿಮಿಷ ಇನ್ನೂ ಮುಗಿಯದಿದ್ದರೂ, "ನಾನಿನ್ನು ಹೋಗ್ಲಾ, ಸಿಸ್ಟರ್?" ಎಂದು ಕೇಳಿದಳು.