ಅವನ ಕಾಲಿನ ಅಳತೆಯ ಸೀಟು

ಗ್ಯಾರೇಜಿನ ಮೇಸ್ತ್ರಿಯವರಿಗೆ ಕೆಂಪು ಕಾರಿನ ಅಕ್ಕನ ನಮಸ್ಕಾರ.

ಈಗ ಸಂಜೆ ಆರೂವರೆ. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತಿದ್ದರೂ ಬೆಳಿಗ್ಗೆ ನೀವಾಡಿದ ಮಾತೇ ಕಿವಿಯಲ್ಲಿತ್ತು. “ಅಕ್ಕಾ, ವರ್ಷದೊಳಗೆ ಎರಡನೇ ಕ್ಲಚ್ಚು! ನೀವು ತುಳಿಯಲ್ಲ, ಬೆರಳ ತುದೀಲಿ ಸವರ್ತೀರ. ಸೀಟು ಮುಂದಕ್ಕೆ ಎಳ್ಕೊಳ್ಳಿ, ಇಲ್ಲಾಂದ್ರೆ ನಿಮ್ಮ ತಮ್ಮನ್ನೇ ಓಡಿಸೋಕೆ ಕಳಿಸಿ.”

ಅವನನ್ನು ಕಳಿಸಲಾರೆ. ಜ್ವರದಲ್ಲಿ ತೀರಿಕೊಂಡು ವರ್ಷವಾಗುತ್ತ ಬಂತು. ನಿಮ್ಮೆದುರು ಹೇಳಲು ಬಾಯಿ ಬರಲಿಲ್ಲ. ಈ ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳಬೇಡವೋ, ರಿಪೇರಿಗೇ ಮುಳುಗಿಹೋಗುತ್ತೀಯ ಎಂದು ಅವನಿಗೆ ಬೈದವಳು ನಾನೇ.

ಆ ಸೀಟನ್ನು ಅವನು ತನ್ನ ಉದ್ದ ಕಾಲಿಗೆ ತಕ್ಕಂತೆ ಹಿಂದಕ್ಕೆ ಸರಿಸಿಟ್ಟಿದ್ದ. ನಾನು ಬೆನ್ನಿಗೆ ದಿಂಬು ಕೊಟ್ಟು ಕೂತರೂ ಕಾಲು ಪೂರ್ತಿ ಎಟುಕುವುದಿಲ್ಲ. ನಿಲ್ಲಿಸಿದ ಕಾರಿನಲ್ಲಿ ಅವನು ಕೂರುತ್ತಿದ್ದ ಕಡೆಯ ಗಾಜು ತಾನಾಗಿ ಕೆಳಗಿಳಿಯುತ್ತದೆ. ಅವನು ಯಾವಾಗಲೂ ಅಲ್ಲಿ ಮೊಣಕೈ ಇಟ್ಟುಕೊಂಡೇ ಓಡಿಸುತ್ತಿದ್ದ. ಈಗಲೂ ಗಾಜು ಇಳಿದದ್ದು ಅಡುಗೆಮನೆಯಿಂದ ಕಂಡಾಗ ಎಷ್ಟೋ ಸಲ “ಊಟಕ್ಕೆ ಬಾರೋ” ಎಂದು ಕರೆದುಬಿಟ್ಟಿದ್ದೇನೆ.

ನಿನ್ನೆ ಏರಿನಲ್ಲಿ ಕಾರು ಹಿಂದಕ್ಕೆ ಜಾರಿತು. ಪಕ್ಕದಲ್ಲಿ ಅಮ್ಮ ಇದ್ದಳು. “ಅವನಿದ್ದಿದ್ರೆ ನಿನಗೆ ಚೆನ್ನಾಗಿ ಬೈತಿದ್ದ ಕಣೇ” ಎಂದಳು.

ಹೊಸ ಕ್ಲಚ್ಚು ಹಾಕಿ. ನನ್ನ ತಿಂಗಳ ಸಂಪಾದನೆ ಹೋದರೆ ಹೋಗಲಿ. ಗಾಜನ್ನು ಮಾತ್ರ ಮುಟ್ಟಬೇಡಿ. ಸೀಟು ಸರಿಸಲು ನನ್ನ ಕೈ ಏಳುವುದಿಲ್ಲ. ನಾನು ಬರುವ ಮೊದಲೇ ನೀವೇ ಅದನ್ನು ಮುಂದಕ್ಕೆ ಎಳೆದಿಡಿ.

ನಾಳೆ ಸಂಜೆ ಬರುತ್ತೇನೆ. ದಿಂಬು ತರುವುದಿಲ್ಲ.

ಇಂತಿ,
ಅವನ ಅಕ್ಕ