ಎಂಬಿಎಗೆ ನನ್ನ ಸರದಿ

ಮನೆಯಿಂದ
ಭಾನುವಾರ, ಮಾರ್ಚ್ ೯

ಪ್ರೀತಿಯ ವಿದ್ಯಾರ್ಥಿ ಯಜಮಾನರಿಗೆ,

ಕೆಮ್ಮು ಹೇಗಿದೆ? ಬಿಸಿನೀರು ಕುಡೀತಿದ್ದೀರೋ, ಪರೀಕ್ಷೆ ನೆಪದಲ್ಲಿ ಬರೀ ಕಾಫಿ ಮೇಲೇ ಬದುಕಿದ್ದೀರೋ? ಇಲ್ಲಿ ಅತ್ತೆಯ ಮಂಡಿನೋವು ಕಡಿಮೆಯಾಗಿದೆ, ಬಾಯಿ ಮಾತ್ರ ಮೊದಲಿನ ಹಾಗೇ ಇದೆ. (ಈ ಸಾಲನ್ನ ಅವರಿಗೇ ಓದಿ ಹೇಳಿದೆ, ನಕ್ಕರು.) ನಮ್ಮ ಚಿಲ್ಟಾರಿಗೆ ಮುಂದಿನ ಹಲ್ಲು ಬಿದ್ದಿದೆ. "ಇನ್ನೇನು ಬಂದೇಬಿಡ್ತೀನಿ ಅಂದಾಗಲೆಲ್ಲ ಮಗಳು ಫೋನ್ ಇಟ್ಟು ಓಡಿಹೋಗ್ತಾಳೆ, ನನ್ನ ಮರೆತೇಬಿಟ್ಟಳಾ" ಅಂತ ಬರೆದಿದ್ರಲ್ಲ, ಓದಿ ಕರುಳು ಚುರ್ ಅಂತು. ಮಕ್ಕಳು ಹಾಗೇ ಕಣ್ರೀ, ಮನಸ್ಸಿಗೆ ಹಚ್ಚಿಕೋಬೇಡಿ.

ಈಗ ವಿಷಯಕ್ಕೆ ಬರ್ತೀನಿ. ಫೋನಿನಲ್ಲಿ ಹೇಳಿದ್ರೆ ಅತ್ತುಬಿಡ್ತೀನಿ ಅಂತ ಬರೀತಿದ್ದೀನಿ. ನೀವು ಕಾರ್ಖಾನೆ ಕೆಲಸ ಬಿಟ್ಟು ಎಂಬಿಎಗೆ ಹೊರಟಾಗ ನಮ್ಮ ಒಪ್ಪಂದ ಏನಿತ್ತು? ಮೊದಲು ನೀವು ಎರಡು ವರ್ಷ, ನೀವು ಬಂದ ಮೇಲೆ ನಾನು ಎರಡು ವರ್ಷ. ಕಂಪನಿಗಳನ್ನ ಕೊಂಡು, ಸರಿಮಾಡಿ, ಮಾರೋ ನಮ್ಮಂಥ ಪ್ರೈವೇಟ್ ಈಕ್ವಿಟಿ ಆಫೀಸಿನಲ್ಲಿ ಆ ಡಿಗ್ರಿ ಇಲ್ಲದೆ ಮೇಲೆ ಹೋಗೋಕಾಗಲ್ಲ ಅಂತ ಎಲ್ಲರೂ ನನ್ನ ತಲೆ ತಿಂದಿದ್ರು. ನನಗೆ ಸೀಟೂ ಸಿಕ್ಕಿತ್ತು, ನೀಲಿ ಸೂಟ್‌ಕೇಸು ಆಗಲೇ ಬೀರು ಮೇಲೆ ಕೂತಿತ್ತು. ಚಿಲ್ಟಾರಿಯನ್ನ ಬಿಟ್ಟು ಹೋಗೋದು ಹೇಗಪ್ಪಾ ಅಂತ ಅದರ ಕಡೆ ನೋಡದೇ ಬೀರು ತೆಗೀತಿದ್ದೆ.

ಶುಕ್ರವಾರ ದೊಡ್ಡ ಸಾಹೇಬರು ಒಳಗೆ ಕರೆದ್ರು. ನಮ್ಮಲ್ಲಿ ಬಡ್ತಿ ಕೊಡೋ ಮುಂಚೆ, ನಾವು ಕೊಂಡ ಕಂಪನಿಯ ಹಳೇ ಮಾಲೀಕರಿಗೆ ಫೋನ್ ಮಾಡಿ, ಇವರ ಜೊತೆ ಇನ್ನೊಮ್ಮೆ ಕೆಲಸ ಮಾಡ್ತೀರಾ ಅಂತ ಕೇಳ್ತಾರೆ. ನನ್ನ ಬಗ್ಗೆ ಕೇಳಿದ್ದು ಯಾರನ್ನ ಗೊತ್ತಾ? ಹಾಸಿಗೆ ಕಾರ್ಖಾನೆ ಮುದುಕರನ್ನ! ಸಹಿ ಹಾಕೋ ದಿನ ಹೊಲಿಗೆ ಯಂತ್ರದ ಮುಂದೆ ಕೂತು ಅತ್ತಿದ್ರಲ್ಲ, ದಿನಾ ನೂರು ಪ್ರಶ್ನೆ ಕೇಳ್ತೀನಿ ಅಂತ ನನ್ನನ್ನ ಪ್ರಶ್ನೆಪತ್ರಿಕೆ ಅಂತ ಕರೀತಿದ್ರಲ್ಲ, ಅವರೇ. ನನ್ನ ಕಥೆ ಮುಗೀತು ಅಂದ್ಕೊಂಡೆ. ಮುದುಕರು ಹೇಳಿದ್ದಿಷ್ಟು: "ಆ ಹುಡುಗಿ ಪ್ರಾಣ ತಿಂತಾಳೆ. ಆದ್ರೆ ಒಬ್ಬ ಕೆಲಸದವನನ್ನೂ ತೆಗೆಯಲ್ಲ ಅಂದ್ಲು, ತೆಗೀಲಿಲ್ಲ. ಇನ್ನೊಮ್ಮೆ ಅವಳನ್ನೇ ಕಳಿಸಿ."

ವೈಸ್ ಪ್ರೆಸಿಡೆಂಟ್ ಆದೆ ಕಣ್ರೀ! ಹಾಗಾದ್ರೆ ಎಂಬಿಎ? ಅಂತ ಸಾಹೇಬರ ಮುಂದೆ ತೊದಲಿದೆ. "ಹೊರಗಿನಿಂದ ಬರೋರಿಗೆ ಅದು ಬಾಗಿಲು, ಕಾರ್ಖಾನೆ ಬಿಟ್ಟು ಈ ಕೆಲಸಕ್ಕೆ ಬರೋ ನಿನ್ನ ಗಂಡನಿಗೆ ಬೇಕೇ ಬೇಕು. ನೀನು ಒಳಗೇ ಕೂತಿದ್ದೀಯಲ್ಲಮ್ಮ, ಎದ್ದು ಹೊರಗೆ ಹೋಗಿ ಮತ್ಯಾಕೆ ಬಾಗಿಲು ತಟ್ತೀಯ?" ಅಂದ್ರು. ಮುಂದೆ ಬೇರೆ ಕಡೆ ಸೇರೋದಾದ್ರೆ ಬೇಕಾಗಬಹುದು ಅಂತಲೂ ಅಂದ್ರು, ಅದನ್ನ ಆಗ ನೋಡ್ಕೊಳ್ಳೋಣ. ಅಬ್ಬಾ, ಹೋದ ಜೀವ ಬಂದ ಹಾಗಾಯ್ತು! ಅತ್ತೆಗೆ ಹೇಳಿದ್ದಕ್ಕೆ, "ಅವನು ಬಂದು ನಿನ್ನ ಕೈಕೆಳಗೇ ಸೇರಲಿ ಬಿಡು, ಮನೇಲಿ ಹೇಗೂ ಅಭ್ಯಾಸ ಇದೆ" ಅಂದ್ರು.

ಔಷಧಿ ತಪ್ಪಿಸಬೇಡಿ. ಅತ್ತೆಯ ಆಶೀರ್ವಾದ, ಮಗಳ ಹಲ್ಲಿಲ್ಲದ ಮುತ್ತು.

ನಿಮ್ಮ
ಪ್ರಶ್ನೆಪತ್ರಿಕೆ

ವಿ.ಸೂ.: ಅಂಟಿಸಿದ ಲಕೋಟೆ ಮತ್ತೆ ಬಿಚ್ಚಿದೆ. ಈಗಷ್ಟೇ ಸೂಟ್‌ಕೇಸು ಅಟ್ಟಕ್ಕೆ ಹಾಕೋಣ ಅಂತ ಕೆಳಗಿಳಿಸಿದ್ರೆ, ಚಿಲ್ಟಾರಿ ಓಡಿಬಂದು ಅದರ ಹಿಡಿ ಗಟ್ಟಿಯಾಗಿ ಹಿಡ್ಕೊಂಡು, "ಅಪ್ಪ ಬಂದ್ರಾ? ನೀನು ಹೊರಟ್ಯಾ?" ಅಂತ ಗೋಳೋ ಅಂತ ಅತ್ಲು. ನೀವು ಬಂದ್ರೆ ನಾನು ಹೋಗಿಬಿಡ್ತೀನಿ ಅಂತ ಕೂಸು ಒಳಗೊಳಗೇ ಹೆದರಿಕೊಂಡಿತ್ತು ಕಣ್ರೀ, ಅದಕ್ಕೇ ಫೋನ್ ಇಟ್ಟು ಓಡ್ತಿದ್ದಿದ್ದು. ನಿಮ್ಮನ್ನ ಮರೆತಿಲ್ಲ. ನಾನು ಎಲ್ಲಿಗೂ ಹೋಗಲ್ಲ ಚಿನ್ನ ಅಂದೆ. ಆಗಿನಿಂದ ಬಾಗಿಲ ಹತ್ತಿರ ಕುರ್ಚಿ ಎಳ್ಕೊಂಡು ಕೂತಿದ್ದಾಳೆ, ಅಪ್ಪ ಇವತ್ತೇ ಬರ್ತಾರಾ ಅಂತ ಕೇಳ್ತಾ. ಏನು ಹೇಳ್ಲಿ?