ಭಂಡಾರ ಯಾರದು

ನಮ್ಮ ಮಗಳು ಸೃಷ್ಟಿಯ ಅಪ್ಪನಿಗೆ ನಮಸ್ಕಾರ. ನೀವಿರುವಲ್ಲಿಗೆ ಅಂಚೆ ಹೋಗುವುದಿಲ್ಲವೆಂದು ಗೊತ್ತು.

ಇವತ್ತು ಪಂಚಾಯಿತಿಯಲ್ಲಿ ಕೆಳಗಿನ ಓಣಿಯವರ ಸುಡುಗಾಡಿಗೆ ದಾರಿ ಬಿಡುವ ಮಾತು ಬಂತು. ಬೇಡವೆನ್ನಬೇಕೆಂದು ನೀವು ಕಟ್ಟಿದ ಪಕ್ಷದವರು ನನ್ನನ್ನೂ ಸೇರಿಸಿ ನಮ್ಮ ಮೆಂಬರುಗಳಿಗೆಲ್ಲ ಬೆಳಿಗ್ಗೆಯೇ ಯಲ್ಲಮ್ಮನ ಭಂಡಾರದ ಅರಿಸಿನ ಮುಟ್ಟಿಸಿ ಆಣೆ ಮಾಡಿಸಿದ್ದರು. ಆದರೆ ದಾರಿ ಕೊಡುವವರು ಕೈ ಎತ್ತಿ ಎಂದು ಅಧ್ಯಕ್ಷರು ಹೇಳಿದಾಗ ಸಭೆಯ ಗದ್ದಲವೆಲ್ಲ ಕೆರೆಯಾಚೆ ಸರಿದಂತಾಯಿತು. ಅರಿಸಿನ ಹತ್ತಿದ ನನ್ನ ಕೈ ಆರತಿ ಎತ್ತುವ ಹಾಗೆ ತಾನೇ ಮೇಲೇರಿತು.

"ಭಂಡಾರ ಮುಟ್ಟಿ ಪಾರ್ಟಿಗೇ ಎರಡ ಬಗದೆಲ್ಲವಾ ತಂಗೀ!" ಎಂದು ನಿಮ್ಮ ಗೆಳೆಯ ಮಾಲತೇಶಣ್ಣ ಚೀರಿದ.

"ಭಂಡಾರ ಪಾರ್ಟೀದಲ್ಲ ಯಣ್ಣಾ, ಎಲ್ಲವ್ವಂದು. ಆಕಿ ಹೆಣದ ದಾರಿ ಕಟ್ಟ್ರಿ ಅಂತ ಯಾವಾಗ ಹೇಳ್ಯಾಳ?" ಎಂದೆ.

ಆ ಒಂದು ಕೈಯಿಂದಲೇ ದಾರಿ ಮಂಜೂರಾಯಿತು. ಮನೆಗೆ ಬರುವಾಗ ನೀವು ಎಂದಿನಂತೆ ನನಗಿಂತ ಮುಂದೆ, ತಿರುಗಿ ನೋಡದೆ ನಡೆದಂತಾಯಿತು. ನೀವು ಬದುಕಿದ್ದರೆ ನಾನು ಕೈ ಎತ್ತುತ್ತಿದ್ದೆನೇ? ಅದನ್ನು ಮಾತ್ರ ದೇವಿಯ ಮುಂದೆ ನಿಂತು ಕೇಳಿಕೊಳ್ಳಲಾಗಲಿಲ್ಲ.